ಕುದಿಸವ್ವನ ದಿಬ್ಬ

ಹೊಳೆಯ ಎಡದಂಡೆಯ ಹಂದರಗೋಳ ಎಂಬ ಊರಿನ ಪಡುವಲಿಗೆ ಒಂದು ಕಲ್ಲುದಿಬ್ಬವಿದೆ. ಅದರ ನೆತ್ತಿಯ ಬಂಡೆಯಲ್ಲಿ ಹನ್ನೆರಡು ದುಂಡನೆಯ ಕುಳಿಗಳು, ಪಕ್ಕದಲ್ಲಿ ಮಸಿಹಿಡಿದ ಮೂರು ಒಲೆಗುಂಡುಗಳು. ದಾರಿಯ ಫಲಕದಲ್ಲಿ ಯಾರೋ ಪುಣ್ಯಾತ್ಮರು ‘ಕುದುರವ್ವನ ದಿಬ್ಬ’ ಎಂದು ಬರೆದಿದ್ದಾರೆ. ಬಂದವರೆಲ್ಲ ಕುದುರೆ ಎಲ್ಲಿ ಎಂದು ಕೇಳುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಇಲ್ಲಿ ಕುದುರೆಯೂ ಇರಲಿಲ್ಲ, ಸವಾರನೂ ಇರಲಿಲ್ಲ. ಇದು ಕುದಿಸವ್ವನ ದಿಬ್ಬ.

ಹಿಂದೆ ಒಮ್ಮೆ ಈ ಊರಲ್ಲಿ ಸಂಕವ್ವ ಎಂಬ ಸೂಲಗಿತ್ತಿ ಇದ್ದಳು. ಹರೆಯದಲ್ಲಿ ಬಂದ ಒಂದು ನೆರೆಯಲ್ಲಿ ರಾಡಿ ನೀರು ಕುಡಿದು ಅವಳ ಎರಡೂ ಮಕ್ಕಳು ವಾಂತಿಭೇದಿಯಿಂದ ಸತ್ತಿದ್ದವು. ಅಂದಿನಿಂದ ಅವಳು ದಿಬ್ಬದ ಮೇಲೆ ಕುಳಿ ಕಡಿಸಿ, ಹನ್ನೆರಡು ಕೊಡಗಳನ್ನು ಕೂರಿಸಿ, ನೀರನ್ನು ಸೋಸಿ, ಕುದಿಸಿ, ಆರಿಸಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ವಾರಕ್ಕೊಮ್ಮೆ ಚೆಲ್ಲಿ, ಬೂದಿ ಹಚ್ಚಿ ತಿಕ್ಕಿ, ಮತ್ತೆ ತುಂಬುತ್ತಿದ್ದಳು. ಬಾಣಂತಿಯ ಮನೆಗೆ ಹೋದರೂ ಅದೇ ಮಾತು: ಎರಡು ಕೊಡ ಎತ್ತಿಡಿರಿ, ಕುದಿಸಿ ಇಡಿರಿ. ಜನ ಹೂಂ ಎನ್ನುತ್ತಿದ್ದರು, ಬೆನ್ನು ತಿರುಗಿದೊಡನೆ ನಗುತ್ತಿದ್ದರು. ಹೊಳೆಯ ದಂಡೆಯಲ್ಲಿ ಕೂತು ನೀರು ಕೂಡಿಡುವವಳು ಎಂದು ಆಡಿಕೊಂಡು, ‘ಕುದಿಸವ್ವ’ ಎಂದು ಹೆಸರಿಟ್ಟರು.

ಒಂದು ವರ್ಷ ಆಶ್ಲೇಷ ಮಳೆಯಲ್ಲಿ ಹೊಳೆ ಊರೊಳಗೆ ನುಗ್ಗಿತು. ಬಾವಿಗಳು ಮುಳುಗಿದವು, ಸತ್ತ ದನಗಳು ತೇಲಿಬಂದವು. ಊರಿಗೆ ಊರೇ ದಿಬ್ಬ ಹತ್ತಿತು. ಊರಗೌಡ ಚನಮಲ್ಲಗೌಡ ಗಂಟುಮೂಟೆ ಹೇರಿದ ಬಂಡಿಯನ್ನೇ ಮೇಲಕ್ಕೆ ಎಳೆಸಿದ್ದ; ಒಂದು ಕೊಡ ನೀರು ಮಾತ್ರ ತಂದಿರಲಿಲ್ಲ. ಅವನ ಸೊಸೆಗೆ ದಿನ ತುಂಬಿತ್ತು.

“ಸಂಕವ್ವ, ನೀರು ಬೇಕಾಗೇತಿ,” ಎಂದ ಗೌಡ, ತಲೆ ತಗ್ಗಿಸಿ.

“ಇಪ್ಪತ್ತು ವರ್ಷ ಬಡಕೊಂಡೆ ಗೌಡ್ರ. ನಿಮ್ಮ ಮನ್ಯಾಗ ಕೊಡ ಇದ್ದಿದ್ದಿಲ್ಲೇನು?” ಎಂದಳು. ಆದರೂ ಎದ್ದುಹೋಗಿ ಆಳಿಗೊಂದು ಚರಗಿಯಂತೆ ಅಳೆದು ಕೊಟ್ಟಳು.

ಮೂರನೆಯ ದಿನ ಕೊಡಗಳು ಬರಿದಾದವು. ನೆರೆ ಇಳಿದಿರಲಿಲ್ಲ. ಸಂಕವ್ವ ಆ ಬಗ್ಗಡವನ್ನೇ ತರಿಸಿ ನಿಲ್ಲಿಸಿ, ಮಣ್ಣನ್ನು ತಳಕ್ಕಿಳಿಸುವ ಚಿಲ್ಲದ ಬೀಜವನ್ನು ತೇಯ್ದು ಕಲಸಿ, ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ನೀರು ತಿಳಿಯಾಯಿತು. ಗೌಡನ ತಮ್ಮ ಶಿವನಗೌಡ ಚರಗಿ ಹಿಡಿದು ಬಂದ.

“ತಿಳಿ ಆಗೇತಲ್ಲ, ಇನ್ನೇನು?”

“ಕಣ್ಣಿಗೆ ತಿಳಿ ಆಗೇತಿ, ಹೊಟ್ಟಿಗಲ್ಲ. ಕುದೀಬೇಕು.”

ಅವನು ಕೇಳಲಿಲ್ಲ, ಕುಡಿದ. ರಾತ್ರಿಯೇ ವಾಂತಿಭೇದಿ ಹಿಡಿದು, ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡ. ಸಂಕವ್ವ ಬೈಯಲಿಲ್ಲ. ನೀರು ಕುದಿಸಲು ಸೌದೆ ತನ್ನಿ ಎಂದಳಷ್ಟೆ. ಒಣಸೌದೆ ಎಲ್ಲಿತ್ತು? ಗೌಡ ಕೊಡಲಿ ತೆಗೆದುಕೊಂಡು ತನ್ನ ಬಂಡಿಯನ್ನು ಕಡಿದ. ಬಂಡೆಯ ಮರೆಯಲ್ಲಿ ಎರಡು ದಿನ ಒಲೆ ಆರಲಿಲ್ಲ. ಕುದಿಸಿದ ನೀರು ಕುಡಿದವರಾರೂ ಸಾಯಲಿಲ್ಲ. ಸೊಸೆ ಅಲ್ಲಿಯೇ ಹೆಣ್ಣುಕೂಸು ಹೆತ್ತಳು ಎನ್ನುತ್ತಾರೆ. ನೆರೆ ಇಳಿದ ಮೇಲೆ ಕುದಿಸವ್ವ ಎಂದು ಕರೆದವರಾರೂ ನಗುತ್ತಿರಲಿಲ್ಲ.

ಈಗಲೂ ಮಳೆಗಾಲಕ್ಕೆ ಮುಂಚಿನ ಒಂದು ಸೋಮವಾರ, ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ಕಾಯಿಸಿ ಆರಿಸಿದ ನೀರಿನ ಕೊಡ ಹೊತ್ತು ದಿಬ್ಬ ಹತ್ತುವುದನ್ನು ನೋಡಬಹುದು. ಕಾಯಿ ಇಲ್ಲ, ಕರ್ಪೂರವಿಲ್ಲ. ಊರಿನ ಹಿರಿಯ ಹೆಂಗಸು ಪ್ರತಿ ಕೊಡದಿಂದಲೂ ಒಂದು ಗುಟುಕು ಕುಡಿದು, ನೀರು ಎಷ್ಟೇ ಚೆನ್ನಾಗಿರಲಿ, ಮುಖ ಸಿಂಡರಿಸಿ, “ಇನ್ನೊಂದು ಕುದಿ ಬೇಕಿತ್ತು,” ಎನ್ನುತ್ತಾಳೆ. ಸೊಸೆ ಬಗ್ಗಿ ಅವಳ ಕಾಲು ಮುಟ್ಟುತ್ತಾಳೆ. ಇಲ್ಲಿ ಆಶೀರ್ವಾದವೆಂದರೆ ಅದೇ.