ಎರಡು ತುದಿಯ ಬೌಲರ್‌ಗಳು

ಕಾಡಿನ ಟೆಸ್ಟ್ ತಂಡಕ್ಕೆ ಬಹುಕಾಲ ಒಂದು ತುದಿಯಿಂದ ಕುದುರೆ, ಇನ್ನೊಂದು ತುದಿಯಿಂದ ನರಿ ಬೌಲಿಂಗ್ ಮಾಡಿದ್ದವು. ಕುದುರೆಯದು ವೇಗ, ನರಿಯದು ಸ್ಪಿನ್. ಈಗ ಎರಡಕ್ಕೂ ಮುಪ್ಪು. ಮಂಡಿ ಸವೆದು ನಡೆಯಲಾಗದ ಕುದುರೆಗೆ ನರಿಯೇ ಹುಲ್ಲು ತಂದು ಹಾಕುತ್ತಿತ್ತು.

ಒಂದು ದಿನ ಕಾಗೆ ಬಂದು, "ಸಾರ್ವಕಾಲಿಕ ಶ್ರೇಷ್ಠ ಬೌಲರ್‌ಗಳನ್ನು ನಮ್ಮ ಕಾಗೆಗಳ ಸಭೆ ಆರಿಸಿದೆ. ಕುದುರೆಗೆ ಮೊದಲ ಸ್ಥಾನ, ನರಿಗೆ ಎರಡನೆಯದು" ಎಂದಿತು.

ನರಿಯ ಮುಖ ಕಪ್ಪಿಟ್ಟಿತು. "ನಾನು ಆ ತುದಿಯಲ್ಲಿ ರನ್ ಬಿಡದೆ ಕಟ್ಟಿಹಾಕಿದ್ದಕ್ಕೆ ತಾನೇ ನಿನಗೆ ವಿಕೆಟ್ ಸಿಕ್ಕಿದ್ದು?"

"ನನ್ನ ವೇಗಕ್ಕೆ ಹೆದರಿದವರೇ ನಿನ್ನ ಓವರಿನಲ್ಲಿ ಆತುರಪಟ್ಟು ಔಟಾದರು" ಎಂದಿತು ಕುದುರೆ. "ಮೊದಲ ಸ್ಥಾನ ನನಗೇ ಸಲ್ಲಬೇಕು."

"ಹಾಗಾದರೆ ನಿನ್ನ ಹುಲ್ಲನ್ನೂ ನೀನೇ ತಂದುಕೋ" ಎಂದು ನರಿ ಎದ್ದು ಹೋಯಿತು.

ಕುದುರೆ ಕರೆಯಲಿಲ್ಲ, ನರಿ ತಿರುಗಿ ನೋಡಲಿಲ್ಲ. ಬೇಸಿಗೆ ಕಳೆಯುವ ಮೊದಲೇ ಕುದುರೆ ಹಸಿವಿನಿಂದ ಸತ್ತಿತು.

ಕಾಗೆ ನರಿಯನ್ನು ಹುಡುಕಿಕೊಂಡು ಬಂದು, "ಸಭೆ ಮನಸ್ಸು ಬದಲಿಸಿದೆ. ಈಗ ನೀನೇ ಮೊದಲನೆಯವನು" ಎಂದಿತು.

"ನನ್ನ ಬೌಲಿಂಗಿನಲ್ಲಿ ಏನು ಕಂಡು ಹಾಗೆಂದಿರಿ?" ನರಿ ಆಸೆಯಿಂದ ಕೇಳಿತು.

"ಕಾಣುವುದೆಲ್ಲಿ ಬಂತು? ನೀವು ಆಡುವಾಗ ನಮ್ಮಲ್ಲಿ ಯಾರೂ ಹುಟ್ಟಿರಲೇ ಇಲ್ಲ."

ನರಿ ಓಡಿತು. ಕುದುರೆಯ ಹೆಣದ ಪಕ್ಕದಲ್ಲಿ ಕುಸಿದು ಕೂತು, "ನನ್ನ ಒಂದೊಂದು ಎಸೆತವನ್ನೂ ನೋಡಿದವನು ನೀನೊಬ್ಬನೇ. ಹೇಳು, ನಾನು ಹೇಗೆ ಹಾಕುತ್ತಿದ್ದೆ?" ಎಂದು ಕತ್ತಲಾದರೂ ಕೇಳುತ್ತಲೇ ಇತ್ತು.