ಮೃದುಕಂಠನ ಮೊದಲ ಹಾರಾಟ

ಚಳಿಗಾಲ ಕಳೆದು ಉತ್ತರಕ್ಕೆ ಹೊರಟ ಹೆಬ್ಬಾತುಗಳ ಹಿಂಡಿಗೆ ದೂರಪಕ್ಷ ಎಂಬ ಹಿರಿಯ ಬಾತು ನಾಯಕ. ಮುಂದೆ ತನ್ನ ಜಾಗಕ್ಕೆ ಬರಲೆಂದು ಅವನು ಹಲವರನ್ನು ಪರೀಕ್ಷಿಸಿ, ಮೃದುಕಂಠ ಎಂಬ ಎಳೆಯ ಬಾತನ್ನು ತರಬೇತಿಗೆ ಆರಿಸಿಕೊಂಡಿದ್ದ. ಮೃದುಕಂಠ ನಾಯಕನ ಪಕ್ಕದಲ್ಲೇ ಹಾರುತ್ತಿದ್ದ.

ಬೆಳಗಿನ ಮಂಜಿನಲ್ಲಿ ಗುಡ್ಡವೊಂದನ್ನು ದಾಟುವಾಗ ಹಿಂದಿನ ಸಾಲಿನಿಂದ ಕೂಗೆದ್ದಿತು: "ಗಾಳಿಯಂತ್ರ! ಎಡಕ್ಕೆ ತಿರುಗಿ!"

ದೂರಪಕ್ಷ ಬೆಚ್ಚಿ ಎಡಕ್ಕೆ ಹೊರಳಿದ. ಹಿಂಡೂ ಹೊರಳಿತು. ಮಂಜನ್ನು ಸೀಳಿ ತಿರುಗುತ್ತ ಬಂದ ಗಾಳಿಯಂತ್ರದ ದೈತ್ಯ ರೆಕ್ಕೆ ಅವನ ಬಾಲದ ಗರಿಗಳನ್ನು ಕಿತ್ತುಕೊಂಡು ಹೋಯಿತು. ಎಲ್ಲರೂ ಕೆಳಗಿನ ಜೋಳದ ಹೊಲದಲ್ಲಿ ಇಳಿದರು.

"ನನಗೆ ವಯಸ್ಸಾಯಿತು, ಕಾಣಲಿಲ್ಲ. ನಿನಗೂ ಕಾಣಲಿಲ್ಲವೇ?" ಎಂದು ದೂರಪಕ್ಷ ಮೃದುಕಂಠನನ್ನು ಕೇಳಿದ.

ಮೃದುಕಂಠ ತಲೆ ತಗ್ಗಿಸಿದ. "ಆಗಲೇ ಕಂಡಿತ್ತು, ಗುರುಗಳೇ. ಆದರೆ ನಿಮ್ಮನ್ನು ತಿದ್ದಲು ನಾನು ಯಾರು? ನಿಮಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದೆ."

ದೂರಪಕ್ಷ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದ ಮರಿಗಳನ್ನು ನೋಡಿದ. ಆಮೇಲೆ ಮೆಲ್ಲನೆ, "ಕೂಗಿದ್ದು ಯಾರು?" ಎಂದ.

ಘೋಷವತಿ ಎಂಬ ತಾಯಿಬಾತು ಮುಂದೆ ಬಂದಳು. "ನಾನು, ಸ್ವಾಮಿ. ಪರೀಕ್ಷೆಯ ದಿನ ನಿಮ್ಮ ತಪ್ಪೊಂದನ್ನು ತೋರಿಸಿದ್ದಕ್ಕೆ ಬಾಯಿಬಡುಕಿ ಎಂದು ನನ್ನನ್ನು ಕೈಬಿಟ್ಟಿರಿ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ."

ನಾಯಕ ತನ್ನ ಪಕ್ಕದ ಜಾಗವನ್ನು ಕೊಕ್ಕಿನಿಂದ ಅವಳಿಗೆ ತೋರಿಸಿದ.

ಹಿಂಡು ಮತ್ತೆ ಮೇಲೆದ್ದಾಗ ಅವನ ಪಕ್ಕದಲ್ಲಿ ಘೋಷವತಿ ಹಾರುತ್ತಿದ್ದಳು. ಮೃದುಕಂಠ ಹಿಂದಿನ ಸಾಲಿನಲ್ಲಿ ಮರಿಗಳ ಜೊತೆ ಕೂಗುವುದನ್ನು ಕಲಿಯುತ್ತಿದ್ದ.