ಚೌಡೋಜನ ಕಂಚಿನ ಊದುಗೊಳವೆ

ಸುಮ್ನೆ ಕೂತ್ರೆ ಹೇಳ್ತೀನಿ, ಗಲಾಟೆ ಮಾಡಿದ್ರೆ ಎದ್ದು ಹೋಗ್ತೀನಿ. ಹಾಂ, ಹಾಗೆ.

ಒಂದು ರಾಜ್ಯದಲ್ಲಿ ಬೊಪ್ಪರಸ ಅಂತ ರಾಜ ಇದ್ದ. ಅವನಿಗೂ ಹೊಳೆಯಾಚೆ ರಾಜನಿಗೂ ಕತ್ತಿ ಹಿಡಿದು ಹೊಡೆದಾಡಿ ಸಾಕಾಗಿತ್ತು. ಅದಕ್ಕೇ ವರ್ಷಕ್ಕೊಮ್ಮೆ ಬಸಳೆ ಹಣ್ಣಿನ ಕಾಳಗ ಮಾಡ್ತಿದ್ರು. ಊದುಗೊಳವೆಯೊಳಗೆ ಹಣ್ಣಿಟ್ಟು ಉಫ್ ಅಂತ ಊದೋದು. ಯಾರ ಬಿಳಿ ಅಂಗಿ ಹೆಚ್ಚು ನೇರಳೆ ಆಯ್ತೋ ಅವರು ಸೋತ ಹಾಗೆ. ಸೋತೋರು ಗೆದ್ದೋರಿಗೆ ಹೋಳಿಗೆ ಊಟ ಹಾಕ್ಬೇಕು. ಬೊಪ್ಪರಸ ಪಾಪ, ಹೋಳಿಗೆ ಬಡಿಸಿ ಬಡಿಸಿ ಸುಸ್ತಾಗಿದ್ದ.

"ಈ ಸಲ ಒಳ್ಳೇ ಕೊಳವೆ ಬೇಕು," ಅಂದ. "ಮೂರು ಸಲ ಪಂದ್ಯ ಇಡೋಣ. ಮೂರೂ ಗೆದ್ದೋರು ಕೇಳಿದ್ದು ಕೊಡ್ತೀನಿ."

ಕಂಚುಗಾರ ಚೌಡೋಜ ತಾನು ಮಾಡಿದ ಕಂಚಿನ ಕೊಳವೆ ಹಿಡ್ಕೊಂಡು ಮುಂದೆ ಬಂದ. "ನಾ ಗೆದ್ರೆ ಕೆರೆ ಹಿಂದಿನ ಬಿದಿರು ಮೆಳೆ ಕೊಡಿ ಬುದ್ದಿ. ಕಡಿದು ನನ್ನ ಕುಲುಮೆಗೆ ಇದ್ದಿಲು ಮಾಡ್ಕೋತೀನಿ."

ಆ ಮಾತು ಮೇದರ ಈರಕ್ಕನ ಕಿವಿಗೆ ಬಿತ್ತು. ಆ ಬಿದಿರಿಂದಲೇ ಅವಳ ಕೇರಿಯೋರೆಲ್ಲ ಬುಟ್ಟಿ, ಮೊರ ಹೆಣೆದು ಬದುಕ್ತಿದ್ದದ್ದು. ಮೆಳೆ ಹೋದ್ರೆ ಊರೇ ಬಿಡ್ಬೇಕು. ಬಿದಿರಿನದೊಂದು ಕೊಳವೆ ಹಿಡ್ಕೊಂಡು ಅವಳೂ ಪಂದ್ಯಕ್ಕೆ ನಿಂತಳು.

"ಹಣ್ಣು ನಾನೇ ತರ್ತೀನಿ," ಅಂದ ಚೌಡೋಜ. "ಇಬ್ಬರಿಗೂ ಒಂದೇ ಬುಟ್ಟಿ. ಇನ್ನೇನು ನ್ಯಾಯ ಬೇಕು?"

ಮೊದಲ ಸಲ ದೂರದ ಪಂದ್ಯ. ಚೌಡೋಜ ಊದಿದ, ಹಣ್ಣು ಅರಮನೆ ಅಂಗಳ ದಾಟಿತು. ಈರಕ್ಕ ಊದಿದಳು, ಹಣ್ಣು ಕಾಲ ಬಳಿ ಬಿತ್ತು.

ಎರಡನೇ ಸಲ ಗುರಿ ಪಂದ್ಯ. ಚೌಡೋಜ ಊದಿದ, ಗುರಿಗಿಟ್ಟ ಮಡಕೆ ನೇರಳೆ ಆಯ್ತು. ಈರಕ್ಕ ಊದಿದಳು, ಹಣ್ಣು ಕಾಲ ಬಳಿ ಬಿತ್ತು.

"ಬಿದಿರು ಸುಡೋಕೇ ಲಾಯಕ್ಕು!" ಅಂತ ಚೌಡೋಜ ನಕ್ಕ. ಎಂಥಾ ಜಂಭ ನೋಡಿ ಅವನದು!

ಈರಕ್ಕ ಕಣ್ಣು ಒರೆಸ್ಕೊಂಡು ಬಿದ್ದ ಹಣ್ಣು ಆಯ್ಕೊಂಡಳು. ಬುಟ್ಟಿಯಿಂದಲೂ ಒಂದು ಹಿಡಿ ತಗೊಂಡಳು. ಅಂಗೈಲಿ ಉರುಳಿಸಿ ನೋಡಿದಳು. ಎಲ್ಲಾ ಒಂದೇ ಗಾತ್ರ! ಬಸಳೆ ಬಳ್ಳಿ ಯಾವತ್ತಾದ್ರೂ ಹಾಗೆ ಹಣ್ಣು ಬಿಡುತ್ತಾ?

"ಬುದ್ದಿ, ಕಾಳಗದ ದಿನ ಸಿಪಾಯಿಗಳಿಗೆ ಹಣ್ಣು ಎಲ್ಲಿಂದ ಬರುತ್ತೆ?"

"ಹೊಳೆದಂಡೆ ಬೇಲಿಯಿಂದ ಕಣಮ್ಮ. ಕೈಗೆ ಸಿಕ್ಕಿದ್ದು ಕಿತ್ಕೊಂಡು ಊದೋದು."

"ಹಾಗಾದ್ರೆ ಮೂರನೇ ಪಂದ್ಯ ಅಲ್ಲೇ ಆಗ್ಲಿ. ಹಣ್ಣು ನೀವೇ ಕಿತ್ತು ಕೊಡಿ."

ರಾಜ ಒಪ್ಪಿದ. ಚೌಡೋಜ ತನ್ನ ಬುಟ್ಟೀನ ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಈರಕ್ಕ ಮೆಳೆಗೆ ಓಡಿ ಸಣ್ಣದು, ದಪ್ಪದು ಅಂತ ಒಂದು ಕಂತೆ ಕೊಳವೆ ಕಡಿದು ತಂದಳು.

ಬೇಲಿ ಹತ್ರ ರಾಜ ಚೌಡೋಜನಿಗೆ ಒಂದು ಸಣ್ಣ ಹಣ್ಣು ಕೊಟ್ಟ. ಊದೋಕೆ ಮುಂಚೆನೇ ಜಾರಿ ಬಿತ್ತು. ಇನ್ನೊಂದು ಕೊಟ್ಟ. ಅದೂ ಜಾರಿತು. ಮೂರನೇದು ದಪ್ಪದು, ಕೊಳವೇಲಿ ಸಿಕ್ಕಿಹಾಕ್ಕೊಂಡ್ತು. ಕಣ್ಣುಗುಡ್ಡೆ ಆಚೆ ಬರೋ ಹಾಗೆ ಊದಿದ. ಹಣ್ಣು ಒಳಗೇ ಒಡೀತು. ಮತ್ತೆ ಊದೋಣ ಅಂತ ಉಸಿರು ಎಳ್ಕೊಂಡ ನೋಡಿ, ರಸವೆಲ್ಲ ಬಾಯಿಗೇ!

ಈರಕ್ಕ ತನಗೆ ಕೊಟ್ಟ ಹಣ್ಣನ್ನ ಒಂದು ಕೊಳವೆಗೆ ಹಾಕಿದಳು, ಸಡಿಲ. ಇನ್ನೊಂದಕ್ಕೆ ಹಾಕಿದಳು, ಬಿಗಿ. ಮತ್ತೊಂದಕ್ಕೆ ಹಾಕಿದಳು, ಹದವಾಗಿ ನಿಂತಿತು. ಉಫ್! ಹೊಳೆಯಾಚೆ ರಾಜನ ಬಾವುಟದ ಮೇಲೆ ನೇರಳೆ ಕಲೆ!

"ಅರಮನೇಲಿ ಹಾರಿದ್ದು ಇಲ್ಲಿ ಯಾಕೋ ಹಾರ್ಲಿಲ್ಲ?" ಅಂದ ರಾಜ.

"ನಾನೇನೂ ಮಾಡಿಲ್ಲ ಬುದ್ದಿ," ಅಂದ ಚೌಡೋಜ. ಹಲ್ಲೆಲ್ಲ ನೇರಳೆ. ಈರಕ್ಕ ಅವನ ಬುಟ್ಟಿಯ ಹಣ್ಣನ್ನ ಬೇಲಿ ಹಣ್ಣಿನ ಪಕ್ಕ ಇಟ್ಟು ತೋರಿಸಿದಳು. ಚೌಡೋಜ ತಲೆ ತಗ್ಗಿಸಿದ. "ನನ್ನ ಕೊಳವೆಗೆ ಹಿಡಿಸೋದನ್ನ ಮಾತ್ರ ಆರಿಸಿ ತಂದಿದ್ದೆ ಬುದ್ದಿ. ತಪ್ಪಾಯ್ತು."

"ಮೆಳೆ ಈರಕ್ಕನ ಕೇರಿಗೇ ಇರ್ಲಿ, ಯಾರೂ ಅದರ ತಂಟೆಗೆ ಹೋಗ್ಬೇಡಿ," ಅಂದ ರಾಜ. "ನೀನು ಮಾತ್ರ ಚೌಡೋಜ, ಕಾಳಗದ ದಿನ ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ನಿಲ್ಲು. ಕೈಲಿ ನಿನ್ನ ಕಂಚಿನ ಕೊಳವೇನೇ ಇರ್ಲಿ."

ಆ ವರ್ಷ ಸಿಪಾಯಿಗಳೆಲ್ಲ ಈರಕ್ಕನ ಬಿದಿರು ಕೊಳವೆ ಹಿಡಿದ್ರು. ಬೊಪ್ಪರಸ ಗೆದ್ದ, ಹೊಟ್ಟೆ ತುಂಬಾ ಹೋಳಿಗೆ ತಿಂದ. ಅವನ ಕಡೆ ಪೂರ್ತಿ ನೇರಳೆ ಆಗಿದ್ದು ಒಂದೇ ಒಂದು ಅಂಗಿ. ಯಾರದು ಅಂತ ನಾ ಹೇಳ್ಬೇಕಾ?

ಮೋಸದ ಗೆಲುವು ಮೋಸಗಾರನ ಮುಖಕ್ಕೇ ಸಿಡಿಯುತ್ತೆ, ಮಕ್ಕಳೇ. ಇಬ್ಬರಿಗೂ ಒಂದೇ ಬುಟ್ಟಿ ಅಂತ ಯಾರಾದ್ರೂ ನ್ಯಾಯ ಹೇಳಿದ್ರೆ, ಆ ಬುಟ್ಟಿ ತುಂಬಿದ್ದು ಯಾರು ಅಂತ ಮೊದಲು ಕೇಳಿ.